ನಾಗಣ್ಣ, ಮಳೆರಾಯ, ಚಂದಮಾಮ: ಮಕ್ಕಳ ಪದ್ಯದಲ್ಲಿ ಎಲ್ಲದಕ್ಕೂ ಜೀವ ಬರುವುದು ಹೇಗೆ

ಆಗಷ್ಟೇ ನಡೆಯಲು ಕಲಿತ ಮಗು ಹೊಸ್ತಿಲು ಎಡವಿ ಬೀಳುತ್ತದೆ. ಅಜ್ಜಿ ಎತ್ತಿಕೊಂಡು ಮೊದಲು ಮಾಡುವ ಕೆಲಸ ಹೊಸ್ತಿಲಿಗೆ ಎರಡೇಟು ಹಾಕುವುದು. "ನಮ್ಮ ಪುಟ್ಟಂಗೆ ಹೊಡೀತೀಯಾ? ತಗೋ!" ಅಳು ಅಲ್ಲಿಗೆ ಅರ್ಧ ಇಳಿಯುತ್ತದೆ. ಹೊಸ್ತಿಲಿಗೆ ನೋವಾಗುವುದಿಲ್ಲ ಎಂದು ಅಜ್ಜಿಗೆ ಚೆನ್ನಾಗಿ ಗೊತ್ತು. ಆದರೂ ಆಕೆ ನಾಟಕ ಮಾಡುತ್ತಿದ್ದಾಳೆ ಎಂದು ಮನೆಯಲ್ಲಿ ಯಾರಿಗೂ ಅನ್ನಿಸುವುದಿಲ್ಲ. ಅದೇ ಹೊಸ್ತಿಲಿಗೆ ಆಕೆ ಬೆಳಗ್ಗೆ ಅರಿಶಿನ ಕುಂಕುಮ ಇಟ್ಟು, ಹೂವು ಏರಿಸಿರುತ್ತಾಳೆ.

ಕಲ್ಲು, ಮರ, ಮಳೆ, ಚಂದ್ರ ಎಲ್ಲದರಲ್ಲೂ ಜೀವ ಕಾಣುವ ಈ ರೀತಿಗೆ ವಿದ್ವಾಂಸರು ಆ್ಯನಿಮಿಸಂ ಎನ್ನುತ್ತಾರೆ. ಮಕ್ಕಳ ಪದ್ಯಗಳಲ್ಲಿ ಇದು ಎಷ್ಟು ಸಹಜವೆಂದರೆ ನಮ್ಮ ಗಮನಕ್ಕೇ ಬರುವುದಿಲ್ಲ. ಚಂದ್ರ ಮಾಮ ಆಗುತ್ತಾನೆ, ಮಳೆ ರಾಯ ಆಗುತ್ತದೆ, ಹಾವು ಅಣ್ಣ ಆಗುತ್ತದೆ. ಮಕ್ಕಳಿಗೆ ಹೀಗೆ ಹೇಳಿದರೆ ಇಷ್ಟ, ಅದಕ್ಕೇ ಕವಿಗಳು ಹಾಗೆ ಬರೆಯುತ್ತಾರೆ ಎಂದು ಮುಂದೆ ಹೋಗುತ್ತೇವೆ.

ಆದರೆ ಒಂದು ವಸ್ತುವನ್ನು ಮಾತಾಡಿಸುವುದು ಬೇರೆ, ಅದರ ಬಾಯಲ್ಲಿ ನಮ್ಮ ಮಾತು ತುರುಕುವುದು ಬೇರೆ. ಮೇಲುನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ, ಎರಡರಲ್ಲೂ ಮರ ಮಾತಾಡುತ್ತದೆ, ಮೋಡ ನಗುತ್ತದೆ. ಒಳ್ಳೆಯ ಮಕ್ಕಳ ಪದ್ಯ ಮೊದಲನೆಯ ಕೆಲಸ ಮಾಡುತ್ತದೆ. ಕೆಟ್ಟದ್ದು ಎರಡನೆಯದನ್ನು ಮಾಡಿ, ಮೊದಲನೆಯದನ್ನು ಮಾಡಿದೆ ಅಂದುಕೊಳ್ಳುತ್ತದೆ. ಈ ವ್ಯತ್ಯಾಸ ತಿಳಿಯಲು ಸ್ವಲ್ಪ ಹಿಂದಿನಿಂದ ಬರಬೇಕು.

ಆ್ಯನಿಮಿಸಂ ಎಂಬ ಮಾತನ್ನು ಮಾನವಶಾಸ್ತ್ರದಲ್ಲಿ ಚಾಲ್ತಿಗೆ ತಂದವರು ಇಂಗ್ಲೆಂಡಿನ ಎಡ್ವರ್ಡ್ ಟೈಲರ್, 1871ರಲ್ಲಿ. ಎಲ್ಲ ವಸ್ತುಗಳ ಒಳಗೂ ಆತ್ಮ ಇದೆ ಎಂಬ ನಂಬಿಕೆಯೇ ಧರ್ಮದ ಮೊದಲ ಮೆಟ್ಟಿಲು ಎಂದು ಅವರು ವಾದಿಸಿದರು. ಅವರ ಲೆಕ್ಕದಲ್ಲಿ ಅದೊಂದು ತಪ್ಪು ತಿಳಿವಳಿಕೆ. ಮನುಷ್ಯಕುಲ ಚಿಕ್ಕದಿದ್ದಾಗ ಮಾಡಿದ ತಪ್ಪು, ದೊಡ್ಡದಾದಂತೆ ಬಿಟ್ಟುಹೋಗುವ ತಪ್ಪು. ಕಾಡಿನ ಜನ ಮತ್ತು ಮಕ್ಕಳು ಒಂದೇ ಎಂಬ ಅಂದಿನ ಯುರೋಪಿನ ಅಹಂಕಾರವೂ ಇದರಲ್ಲಿ ಸೇರಿಕೊಂಡಿತ್ತು.

ಇದೇ ಪ್ರಶ್ನೆಯನ್ನು ನೇರವಾಗಿ ಮಕ್ಕಳಿಗೇ ಕೇಳಿದವರು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ. ಸೂರ್ಯನಿಗೆ ಜೀವ ಇದೆಯಾ? ಕಲ್ಲಿಗೆ? ಸೈಕಲ್ಲಿಗೆ? ಮೋಡಕ್ಕೆ? ಉತ್ತರಗಳನ್ನು ಜೋಡಿಸಿ 1926ರಲ್ಲಿ ಪುಸ್ತಕ ಮಾಡಿದರು. ತೀರಾ ಚಿಕ್ಕ ಮಕ್ಕಳಿಗೆ ಏನಾದರೂ ಕೆಲಸ ಮಾಡುವ ವಸ್ತುವೆಲ್ಲ ಜೀವಂತ. ಸ್ವಲ್ಪ ದೊಡ್ಡವರಾದಾಗ ಚಲಿಸುವುದೆಲ್ಲ ಜೀವಂತ. ಆಮೇಲೆ ತಾನಾಗಿ ಚಲಿಸುವುದು ಮಾತ್ರ, ಆಗ ಸೈಕಲ್ ಪಟ್ಟಿಯಿಂದ ಹೊರಗೆ, ಸೂರ್ಯ ಮತ್ತು ಗಾಳಿ ಇನ್ನೂ ಒಳಗೆ. ಹನ್ನೊಂದು ಹನ್ನೆರಡು ವರ್ಷದ ಹೊತ್ತಿಗೆ ಪ್ರಾಣಿಗಳು, ಗಿಡಮರಗಳು ಮಾತ್ರ ಉಳಿಯುತ್ತವೆ. ಚಂದ್ರ ನಮ್ಮ ಹಿಂದೆಯೇ ಬರುತ್ತಾನೆ ಎಂದು ಚಿಕ್ಕ ಮಕ್ಕಳು ಗಟ್ಟಿಯಾಗಿ ನಂಬುವುದನ್ನೂ ಪಿಯಾಜೆ ಬರೆದಿದ್ದಾರೆ. ರಾತ್ರಿ ಬಸ್ಸಿನ ಕಿಟಕಿ ಪಕ್ಕ ಕೂತ ಯಾವ ಮಗುವೂ ಇದನ್ನು ನಮಗೆ ಹೇಳದೆ ಬಿಟ್ಟಿಲ್ಲ, ಅಲ್ವಾ?

ಆದರೆ ಪಿಯಾಜೆ ಮಕ್ಕಳನ್ನು ಸ್ವಲ್ಪ ಕಡಿಮೆ ಅಂದಾಜು ಮಾಡಿದರು. 1988ರಲ್ಲಿ ಕ್ರಿಸ್ಟೀನ್ ಮ್ಯಾಸಿ ಮತ್ತು ರೋಷೆಲ್ ಗೆಲ್ಮನ್ ಮೂರು ನಾಲ್ಕು ವರ್ಷದ ಮಕ್ಕಳಿಗೆ ಅವರು ಎಂದೂ ನೋಡಿರದ ವಸ್ತುಗಳ ಫೋಟೋ ತೋರಿಸಿದರು. ಪ್ರಾಣಿಗಳು, ಗಾಲಿ ಇರುವ ವಸ್ತುಗಳು, ಪ್ರಾಣಿಯಂತೆ ಕಾಣುವ ಗೊಂಬೆಗಳು. ಇದು ತಾನಾಗಿ ಗುಡ್ಡ ಹತ್ತುತ್ತದಾ ಎಂದು ಕೇಳಿದರು. ಹೆಚ್ಚಿನ ಮಕ್ಕಳು ಸರಿಯಾಗಿ ಹೇಳಿದರು. ಕಣ್ಣು ಕಾಲು ಎಲ್ಲ ಇದ್ದರೂ ಗೊಂಬೆ ಹತ್ತುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಜಪಾನಿನ ಹತಾನೊ ಮತ್ತು ಇನಾಗಾಕಿ ಎಂಬ ಸಂಶೋಧಕರು ಇನ್ನೊಂದು ಮಾತು ಸೇರಿಸಿದರು. ಮಕ್ಕಳು ಗಿಡವನ್ನೋ ಆಮೆಯನ್ನೋ ಮನುಷ್ಯರಂತೆ ಭಾವಿಸುವುದು ತಬ್ಬಿಬ್ಬಾಗಿ ಅಲ್ಲ. ಅವರಿಗೆ ಚೆನ್ನಾಗಿ ಗೊತ್ತಿರುವ ಜೀವಿ ಮನುಷ್ಯ. ಆ ತಿಳಿವಳಿಕೆ ಹಿಡಿದು ಗೊತ್ತಿಲ್ಲದ್ದನ್ನು ಊಹಿಸುತ್ತಾರೆ. ಹಲವು ಸಲ ಆ ಊಹೆ ಸರಿಯೂ ಇರುತ್ತದೆ. ನನಗೆ ಬಾಯಾರಿದರೆ ನೀರು ಬೇಕು, ಗಿಡಕ್ಕೂ ಬೇಕು.

ಇನ್ನು ದೊಡ್ಡವರು? 1944ರಲ್ಲಿ ಹೈಡರ್ ಮತ್ತು ಸಿಮ್ಮೆಲ್ ಎಂಬಿಬ್ಬರು ಒಂದು ಚಿಕ್ಕ ಚಿತ್ರ ಮಾಡಿ ವಯಸ್ಕರಿಗೆ ತೋರಿಸಿದರು. ಅದರಲ್ಲಿ ಎರಡು ತ್ರಿಕೋನ, ಒಂದು ವೃತ್ತ ಅತ್ತಿತ್ತ ಓಡಾಡುತ್ತವೆ, ಅಷ್ಟೇ. ಏನು ನೋಡಿದಿರಿ ಎಂದರೆ ಹೆಚ್ಚು ಕಡಿಮೆ ಎಲ್ಲರೂ ಕಥೆ ಹೇಳಿದರು. ದೊಡ್ಡ ತ್ರಿಕೋನ ಜಗಳಗಂಟ, ಚಿಕ್ಕದು ಧೈರ್ಯವಂತ, ವೃತ್ತ ಹೆದರಿದೆ ಎಂದೆಲ್ಲ. ಜೀವ ಕಾಣುವ ಕಣ್ಣು ವಯಸ್ಸಾದಂತೆ ಮುಚ್ಚಿಕೊಳ್ಳುವುದಿಲ್ಲ. ಆಯುಧಪೂಜೆಯ ದಿನ ಕಂಪ್ಯೂಟರಿಗೆ ಕುಂಕುಮ ಇಟ್ಟು, ಕಾರಿನ ಚಕ್ರದಡಿ ನಿಂಬೆಹಣ್ಣು ಇಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಣೇಶನ ಹಬ್ಬವನ್ನೇ ನೋಡಿ. ಮಗು ಅಪ್ಪನ ಜೊತೆ ಹೋಗಿ ಮಣ್ಣಿನ ಗಣಪತಿ ತರುತ್ತದೆ. ಅದು ಮಣ್ಣು, ಬಣ್ಣ ಬಳಿದದ್ದು ಎಂದು ಕಣ್ಣಾರೆ ನೋಡಿದೆ. ಪೂಜೆ ಆದ ಕೂಡಲೇ ಅದಕ್ಕೆ ಕಡುಬು ಕೊಡಬೇಕು, ಬೆನ್ನು ಹಾಕಬಾರದು. ಸಂಜೆ ನೀರಿಗೆ ಬಿಟ್ಟಾಗ ಅಳುವ ಮಕ್ಕಳೂ ಇದ್ದಾರೆ. ಮಣ್ಣು ಎಂದೂ ಗೊತ್ತು, ಗಣಪ ಎಂದೂ ಗೊತ್ತು. ಎರಡು ಅರಿವೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ಕೂತಿರುತ್ತವೆ. ಮಕ್ಕಳ ಪದ್ಯ ಹುಟ್ಟುವುದು ಈ ಜಾಗದಲ್ಲಿ.

ಟೈಲರ್ ಹೇಳಿದ್ದನ್ನು ತಲೆಕೆಳಗು ಮಾಡಿದ ಒಂದು ಅಧ್ಯಯನ ನಮ್ಮ ಪಕ್ಕದಲ್ಲೇ ನಡೆದಿದೆ. ಇಸ್ರೇಲಿನ ಮಾನವಶಾಸ್ತ್ರಜ್ಞೆ ನುರಿತ್ ಬರ್ಡ್-ಡೇವಿಡ್ ನೀಲಗಿರಿ ಸೀಮೆಯ ಕಾಡಿನಲ್ಲಿ ನಾಯಕ ಎಂಬ ಸಮುದಾಯದ ಜೊತೆ ಇದ್ದು ನೋಡಿದವರು. 1999ರಲ್ಲಿ ಅವರು ಬರೆದ ಲೇಖನ ಆ್ಯನಿಮಿಸಂ ಬಗ್ಗೆ ಹೊಸ ಚರ್ಚೆಯನ್ನೇ ಶುರುಮಾಡಿತು. ಆ ಜನ ಕೆಲವು ಕಲ್ಲುಗಳನ್ನು, ಬೆಟ್ಟಗಳನ್ನು, ಆನೆಗಳನ್ನು ದೇವರು ಎನ್ನುತ್ತಾರೆ. ಹೌದು, ನಮ್ಮದೇ ಮಾತು. ಒಬ್ಬಾಕೆ ಗೆಡ್ಡೆ ಅಗೆಯುತ್ತಿದ್ದಾಗ ಒಂದು ಕಲ್ಲು ತನ್ನತ್ತ ಬಂತು ಎಂದಳು. ಇನ್ನೊಬ್ಬಾಕೆ ಮರದಡಿ ಕೂತಿದ್ದಾಗ ಕಲ್ಲೊಂದು ಮಡಿಲಿಗೆ ಹಾರಿತಂತೆ. ಆ ಕಲ್ಲುಗಳನ್ನು ತಂದು ಗುಡಿಸಲುಗಳ ನಡುವೆ ಇಟ್ಟುಕೊಂಡರು. ಹಾಗಂತ ಎಲ್ಲ ಕಲ್ಲೂ ದೇವರಲ್ಲ. ತಮ್ಮ ಜೊತೆ ಸಂಬಂಧ ಬೆಳೆಸಿದ ಕಲ್ಲು ಮಾತ್ರ ದೇವರು. ಬರ್ಡ್-ಡೇವಿಡ್ ಹೇಳಿದ್ದು ಇದನ್ನೇ. ಕಲ್ಲಿನೊಳಗೆ ಆತ್ಮ ಇದೆಯೋ ಇಲ್ಲವೋ ಎಂಬ ಸಿದ್ಧಾಂತದಿಂದ ಇದು ಶುರುವಾಗುವುದಿಲ್ಲ. ಒಂದರ ಜೊತೆ ಮಾತಾಡುತ್ತಾ, ಹಂಚಿಕೊಳ್ಳುತ್ತಾ, ಅದು ಏನು ಮಾಡುತ್ತದೆ ಎಂದು ಗಮನ ಇಟ್ಟು ನೋಡುತ್ತಾ ಹೋದಾಗ ಅದು ವ್ಯಕ್ತಿ ಆಗುತ್ತದೆ.

ಇದನ್ನು ಓದಿದ ಮೇಲೆ ನಮ್ಮ ಮಕ್ಕಳ ಹಾಡುಗಳು ಬೇರೆಯಾಗಿ ಕೇಳಿಸುತ್ತವೆ. ಅವುಗಳಲ್ಲಿ ಮಳೆಗೆ ಜೀವ ಇದೆ ಎಂಬ ಹೇಳಿಕೆ ಎಲ್ಲೂ ಇಲ್ಲ. ಇರುವುದು ಕರೆ.

ಹುಯ್ಯೋ ಹುಯ್ಯೋ ಮಳೆರಾಯ,
ಹೂವಿನ ತೋಟಕೆ ನೀರಿಲ್ಲ.

ಈ ಜನಪದ ಹಾಡು ನರ್ಸರಿ ಪದ್ಯವಾಗುವ ಮೊದಲು ಒಂದು ಆಚರಣೆಯ ಭಾಗ. ಮಳೆ ಕೈಕೊಟ್ಟ ವರ್ಷ ಹಳೆ ಮೈಸೂರು ಕಡೆಯ ಹಳ್ಳಿಗಳಲ್ಲಿ ಮಕ್ಕಳು ಮಣ್ಣಿನಲ್ಲಿ ಮಳೆರಾಯನನ್ನು ಮಾಡಿ, ಹಲಗೆಯ ಮೇಲೆ ಕೂರಿಸಿ, ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ್ದು ಗುರ್ಚಿ. ರೊಟ್ಟಿ ಸುಡುವ ಹಂಚಿನ ಮೇಲೆ ಸಗಣಿಯ ಗುರ್ಚಿ, ಅದಕ್ಕೆ ಗರಿಕೆ ಸಿಕ್ಕಿಸಿ, ಒಬ್ಬರು ಹೊತ್ತು ನಿಲ್ಲುತ್ತಾರೆ. ಮನೆಯವರು ಬಂದು ಮೇಲೆ ನೀರು ಸುರಿಯುತ್ತಾರೆ. ಹೊತ್ತವರು ಗಿರಗಿರನೆ ತಿರುಗುತ್ತಾರೆ. ನೀರು ಸುತ್ತಲೂ ಚಿಮ್ಮುತ್ತದೆ. ಉಳಿದವರು ಗುರ್ಚಿಯನ್ನೇ ಕೇಳುತ್ತಾರೆ, ಎಲ್ಲೆಲ್ಲಿ ಆಡಿ ಬಂದೆ ಎಂದು. ಹಳ್ಳ ಕೊಳ್ಳ ತಿರುಗಾಡಿ ಬಂದೆ ಎಂದು ಉತ್ತರವನ್ನೂ ಅವರೇ ಕೊಡುತ್ತಾರೆ. ಊರಿಂದೂರಿಗೆ ಪದಗಳು ಬದಲಾಗುತ್ತವೆ, ಈ ಪ್ರಶ್ನೋತ್ತರ ಮಾತ್ರ ಉಳಿಯುತ್ತದೆ. ಕೊಟ್ಟ ಹಿಟ್ಟು ಜೋಳವನ್ನು ಒಟ್ಟಿಗೆ ಅಡುಗೆ ಮಾಡಿ ಉಣ್ಣುವುದರೊಂದಿಗೆ ಆಚರಣೆ ಮುಗಿಯುತ್ತದೆ.

ಇಂಗ್ಲಿಷ್ ಮಾಧ್ಯಮದ ಮಕ್ಕಳು ಮಳೆಗೆ ಹೋಗು ಹೋಗು, ಇನ್ನೊಂದು ದಿನ ಬಾ ಎನ್ನುವ ಪದ್ಯ ಕಲಿಯುತ್ತಾರೆ. ಅದು ಮಳೆ ಜಾಸ್ತಿ ಇರುವ ದ್ವೀಪದ ಪದ್ಯ. ನಮ್ಮದು ಮುಗಿಲು ನೋಡಿ ಬಿತ್ತುವ ನಾಡಿನದು. ಎರಡೂ ಮಳೆಯನ್ನು ಮಾತಾಡಿಸುತ್ತವೆ, ಆದರೆ ಕೇಳುವುದು ಬೇರೆ ಬೇರೆ. ಮಳೆಯ ಜೊತೆ ಯಾರಿಗೆ ಎಂಥ ವ್ಯವಹಾರ ಇದೆಯೋ ಅಂಥ ಹಾಡು.

ಕನ್ನಡ ವ್ಯಾಕರಣ ಈ ಕೆಲಸಕ್ಕೆ ದೊಡ್ಡ ಸಹಾಯ ಮಾಡುತ್ತದೆ. ನಮ್ಮ ಭಾಷೆಯಲ್ಲಿ ಮನುಷ್ಯರು ಮತ್ತು ದೇವರುಗಳು ಬಂದರೆ ಬಂದನು, ಬಂದಳು. ಉಳಿದದ್ದೆಲ್ಲ ಬಂತು. ಹಸು ಬಂತು, ಬಸ್ಸು ಬಂತು, ಮಳೆ ಬಂತು. ಆದರೆ ಈ ಗಡಿ ಅಷ್ಟೇನೂ ಗಟ್ಟಿಯಲ್ಲ. "ಹೊತ್ತು ಮುಳುಗಿತು" ಎನ್ನುತ್ತೇವೆ, "ಸೂರ್ಯ ಮುಳುಗಿದ" ಎಂದೂ ಎನ್ನುತ್ತೇವೆ. ಸಂಜೆ ಒಂದೇ. ಪೇಪರಿನಲ್ಲಿ ಕಾವೇರಿ ಉಕ್ಕಿ ಹರಿಯುತ್ತದೆ, ಹಾಡಿನಲ್ಲಿ ಕಾವೇರಿ ಹರಿದು ಬರುತ್ತಾಳೆ. ಮಳೆಗೆ ರಾಯ, ಭೂಮಿಗೆ ತಾಯಿ, ಚಂದ್ರನಿಗೆ ಮಾಮ, ಗುಬ್ಬಿಗೆ ಅಕ್ಕ ಎಂದು ಒಂದು ನಂಟು ಸೇರಿಸಿದರೆ ಸಾಕು, ಕ್ರಿಯಾಪದ ತಾನಾಗಿ ಬದಲಾಗುತ್ತದೆ. ಕವಿ ಬೇರೆ ಅಲಂಕಾರ ಹುಡುಕಬೇಕಾಗಿಲ್ಲ.

ಇದಕ್ಕಿಂತ ಚೆಂದದ ಸಂಗತಿ ಇನ್ನೊಂದಿದೆ. ನಮ್ಮ ವ್ಯಾಕರಣದಲ್ಲಿ ಮಗು ಕೂಡ 'ಅದು'. ಮಗು ಅತ್ತಿತು, ಮಗು ಮಲಗಿದೆ. ನಾಯಿಮರಿಯೂ ಮಲಗಿದೆ, ಕರುವೂ ಮಲಗಿದೆ. ಅಂದರೆ ಮಗು, ಕರು, ಮಳೆ, ಮರ ಎಲ್ಲ ಒಂದೇ ಸಾಲಿನಲ್ಲಿ ಕೂತಿವೆ, ದೊಡ್ಡವರು ಬೇರೆ ಸಾಲಿನಲ್ಲಿ. ನಾಯಿಮರಿಗೆ ತಿಂಡಿ ಬೇಕಾ ಎಂದು ಕೇಳಿ ಅದರಿಂದ ಉತ್ತರ ಪಡೆಯುವ ಜಿ. ಪಿ. ರಾಜರತ್ನಂ ಅವರ ಪದ್ಯ ಇಷ್ಟು ವರ್ಷ ಬಾಳಿದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಅಲ್ಲಿ ಕೇಳುವವರು, ಹೇಳುವವರು ಇಬ್ಬರೂ ಒಂದೇ ಎತ್ತರದವರು.

ಈಗ ಒಂದು ಪದ್ಯವನ್ನು ಹತ್ತಿರದಿಂದ ನೋಡೋಣ. ಪಂಜೆ ಮಂಗೇಶರಾಯರು ಹುಟ್ಟಿದ್ದು 1874ರಲ್ಲಿ, ಬಂಟ್ವಾಳದಲ್ಲಿ. ಮೇಷ್ಟರಾಗಿದ್ದರು, ಶಾಲಾ ಇನ್ಸ್ಪೆಕ್ಟರ್ ಆಗಿದ್ದರು, 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿದರು. ಕವಿಶಿಷ್ಯ ಎಂಬ ಹೆಸರಿನಲ್ಲಿ ಬರೆದರು. ಅವರ ಹಾವಿನ ಪದ್ಯ ಕನ್ನಡ ಓದಿದ ಬಹುತೇಕ ಎಲ್ಲರಿಗೂ ಬಾಯಿಪಾಠ.

ನಾಗರ ಹಾವೆ! ಹಾವೊಳು ಹೂವೆ!
ಬಾಗಿಲ ಬಿಲದಲಿ ನಿನ್ನಯ ಠಾವೆ?
ಕೈಗಳ ಮುಗಿವೆ, ಹಾಲನ್ನೀವೆ,
ಬಾ ಬಾ ಬಾ ಬಾ.

ಮೊದಲ ಸಾಲಿನಲ್ಲಿ ಹಾವಿನ ಬಗ್ಗೆ ಒಂದು ಮಾತೂ ಇಲ್ಲ, ಇರುವುದೆಲ್ಲ ಹಾವಿಗೆ ಹೇಳಿದ ಮಾತು. ಮುಂದಿನ ನುಡಿಯಲ್ಲಿ ಹೆಡೆ ಬಿಚ್ಚು, ತಲೆ ತೂಗು, ಕೊಳಲು ಊದುತ್ತೇನೆ ಕೇಳು ಎಂಬ ಬೇಡಿಕೆ. ಅಲ್ಲಿ 'ನೀ ನೀ ನೀ' ಎಂಬ ಸಾಲು ಕೊಳಲಿನ ಸದ್ದೂ ಹೌದು, 'ನೀನು' ಎಂದು ಕರೆದದ್ದೂ ಹೌದು. ಅದರ ಮುಂದೆ ನಾಗಣ್ಣ ಆಗುತ್ತಾನೆ. ತಲೆಯಲ್ಲಿ ರನ್ನ ಇರುವುದು ನಿಜವಾ, ಬಡವನಿಗೆ ಕೊಪ್ಪರಿಗೆ ಚಿನ್ನ ತಾ ತಾ ಎಂದು ಮಗು ಕೇಳುತ್ತದೆ. ಹಾವಿನ ಹೆಡೆಯಲ್ಲಿ ಮಣಿ, ನಿಧಿ ಕಾಯುವ ಸರ್ಪ, ಕೇಳಿ ಬೆಳೆದ ಕಥೆಗಳೆಲ್ಲ ಇಲ್ಲಿ ಇಣುಕುತ್ತವೆ. ಕೊನೆಯಲ್ಲಿ ನಮಸ್ಕಾರ ಮಾಡಿ, ಈಗಲೇ ಹೊರಗೆ ಹೋಗು, ಪೋ ಪೋ.

ಬಾ, ನೀ, ತಾ, ಪೋ. ಈ ನಾಲ್ಕನ್ನು ಸಾಲಾಗಿ ಇಟ್ಟು ನೋಡಿ. ದೇವರನ್ನು ಕರೆಯುವುದು, ಹಾಲು ಇಡುವುದು, ಹಾಡಿ ಒಲಿಸಿಕೊಳ್ಳುವುದು, ವರ ಕೇಳುವುದು, ಕೈಮುಗಿದು ಕಳಿಸಿಕೊಡುವುದು. ಆವಾಹನೆಯಿಂದ ವಿಸರ್ಜನೆವರೆಗೆ ಒಂದು ಪೂರ್ತಿ ಪೂಜೆಯ ಕ್ರಮ ಇದು. ಪಂಜೆಯವರು ಬೆಳೆದ ತುಳುನಾಡು ನಾಗಬನಗಳ ನಾಡು. ಅಲ್ಲಿ ಜಾಗ ಕೊಂಡರೂ ಮನೆ ಕಟ್ಟಿದರೂ ಮೂಲದ ನಾಗನನ್ನು ಮರೆಯುವಂತಿಲ್ಲ. ಅದೇ ನಾಡಿನಲ್ಲಿ ಕೆಡ್ಡಸ ಎಂಬ ಆಚರಣೆ ಇದೆ. ಆ ಮೂರು ದಿನ ಭೂಮಿತಾಯಿ ಮುಟ್ಟಾಗಿದ್ದಾಳೆ ಎಂದು ನೆಲ ಅಗೆಯುವುದಿಲ್ಲ, ಉಳುವುದಿಲ್ಲ. ಕೊನೆಯ ದಿನ ತುಳಸಿಕಟ್ಟೆ ಹತ್ತಿರ ಅವಳ ಸ್ನಾನಕ್ಕೆಂದು ಎಣ್ಣೆ, ಅರಿಶಿನ, ಕುಂಕುಮ ಇಡುತ್ತಾರೆ. ಇಂಥ ನೆಲದಲ್ಲಿ ಹಾವಿಗೆ ಅಣ್ಣ ಎನ್ನುವುದು ಕವಿಯ ಚಮತ್ಕಾರ ಅಲ್ಲ, ದಿನದ ಮಾತು. ಪಂಜೆಯವರು ಆ ಪೂಜೆಯನ್ನು ಮಗುವಿನ ಆಟದ ಅಳತೆಗೆ ತಂದರು. ಮಂತ್ರದ ಜಾಗದಲ್ಲಿ 'ಬಾ ಬಾ ಬಾ' ಬಂತು.

ನನಗೆ ಈ ಪದ್ಯದಲ್ಲಿ ಅತಿ ಮುಖ್ಯ ಅನ್ನಿಸುವುದು ಕೊನೆಯ ನುಡಿಯ ಮೊದಲ ಸಾಲು: "ಬರಿ ಮೈ ತಣ್ಣಗೆ, ಮನದಲಿ ಬಿಸಿ ಹಗೆ." ಅಣ್ಣ ಎಂದು ಕರೆದ ಮೇಲೂ ಹಾವಿನ ಮೈ ತಣ್ಣಗೇ ಇದೆ. ಅದರ ವಿಷ ಹೋಗಿಲ್ಲ. ಅದು ಬಂದು ಮಗುವಿನ ಜೊತೆ ಕೂತು ಊಟ ಮಾಡುವುದಿಲ್ಲ, ಬುದ್ಧಿಮಾತು ಹೇಳುವುದಿಲ್ಲ. ಪದ್ಯದಲ್ಲಿ ಹಾವು ಒಂದೇ ಒಂದು ಮಾತು ಆಡುವುದಿಲ್ಲ. ಮಗು ಅಷ್ಟೆಲ್ಲ ಕರೆಯುತ್ತದೆ, ಕೇಳುತ್ತದೆ, ಅದು ಸುಮ್ಮನಿದೆ. ಪ್ರೀತಿ ಇದೆ, ಭಯವೂ ಇದೆ, ಅಂತರ ಹಾಗೇ ಉಳಿದಿದೆ. ಹಾವು ಹಾವಾಗಿಯೇ ಇದ್ದು ವ್ಯಕ್ತಿ ಆಗಿದೆ. ಜೀವ ಕೊಡುವುದು ಎಂದರೆ ಮನುಷ್ಯನನ್ನಾಗಿ ಮಾಡುವುದು ಎಂದುಕೊಂಡವರು ಈ ಪದ್ಯವನ್ನು ಮತ್ತೆ ಓದಬೇಕು.

ಜೀವ ಕಾಣುವುದರಿಂದ ಪುರಾಣ ಒಂದೇ ಹೆಜ್ಜೆ ದೂರ. ಮಳೆಯನ್ನು ಕರೆದರೆ ಅದು ಹಾಡು. ಮಳೆ ಯಾಕೆ ಬರಲಿಲ್ಲ, ಎಲ್ಲಿ ಹೋಗಿತ್ತು, ಯಾರ ಜೊತೆ ಮುನಿಸು ಎಂದು ಕೇಳಿದರೆ ಕಥೆ ಶುರು. ಗ್ರಹಣಕ್ಕೆ ರಾಹು ಕೇತು, ಚಂದ್ರನ ಕಲೆಗೆ ಮೊಲ, ಮಳೆಬಿಲ್ಲಿಗೆ ಕಾಮ. ಬಿಸಿಲು ಮಳೆ ಒಟ್ಟಿಗೆ ಬಂದರೆ ಕಾಗೆಗೂ ನರಿಗೂ ಮದುವೆ. ಕೂಡಿಬರದ ಎರಡು ಒಟ್ಟಿಗೆ ಬಂದಾಗ ಇನ್ನೆಲ್ಲೋ ಅಂಥದ್ದೇ ಜೋಡಿಯ ಮದುವೆ ಆಗುತ್ತಿರಬೇಕು! ಒಂದು ಸಾಲಿನಲ್ಲಿ ಪೂರ್ತಿ ಪುರಾಣ ಇದೆ.

ಪಂಜೆಯವರ ಸೂರ್ಯೋದಯದ ಪದ್ಯದಲ್ಲಿ ಇದು ಹೇಗೆ ಆಗುತ್ತದೆ ನೋಡಿ. "ಮೂಡುವನು ರವಿ ಮೂಡುವನು, ಕತ್ತಲೊಡನೆ ಜಗಳಾಡುವನು." ಇಲ್ಲಿವರೆಗೆ ಜೀವ ಕಂಡದ್ದು. ಮುಂದಿನ ಸಾಲು: "ಮೂಡಣ ರಂಗಸ್ಥಳದಲಿ ನೆತ್ತರು ಮಾಡುವನು, ಕುಣಿದಾಡುವನು." ಬೆಳಗಿನ ಕೆಂಪು ಈಗ ಯುದ್ಧದ ರಕ್ತ. ಆಕಾಶ ರಂಗಸ್ಥಳ. ಸ್ವಲ್ಪ ಮುಂದೆ ಸೂರ್ಯನ ತಲೆಗೆ ಬಿಸಿಲಿನ ಕಿರೀಟ ಬರುತ್ತದೆ. ರಂಗಸ್ಥಳ, ಕುಣಿತ, ಕಿರೀಟ, ಕಾಳಗ ನಾಲ್ಕೂ ಸೇರಿದರೆ ಕರಾವಳಿಯವರಿಗೆ ಏನು ನೆನಪಾಗುತ್ತದೆ ಎಂದು ಹೇಳಬೇಕಾಗಿಲ್ಲ. ರಾತ್ರಿಯಿಡೀ ಯಕ್ಷಗಾನ ನೋಡಿ, ಬೆಳಕು ಹರಿಯುವ ಹೊತ್ತಿಗೆ ಕೊನೆಯ ಯುದ್ಧ ಮುಗಿದು, ತಲೆ ಎತ್ತಿದರೆ ಪೂರ್ವದಲ್ಲಿ ಅದೇ ಕೆಂಪು. ನಾನು ಈ ಸಾಲುಗಳನ್ನು ಹಾಗೆಯೇ ಓದುತ್ತೇನೆ. ಹಳೆಯ ಪುರಾಣದ ಏಳು ಕುದುರೆಯ ರಥ ಇಲ್ಲಿ ಬರುವುದಿಲ್ಲ. ಕವಿ ತನ್ನೂರಿನ ಸಾಮಾನಿನಿಂದ ಹೊಸ ಪುರಾಣ ಕಟ್ಟಿದ್ದಾರೆ. ತೆಂಗು, ಕಂಗು, ತಾಳೆ, ಬಾಳೆಗಳ ಮೈಗೆ ಈ ಸೂರ್ಯ ಬಣ್ಣ ಮೆತ್ತುತ್ತಾನೆ. ಅದೂ ಊರಿನದೇ ತೋಟ.

ಇಷ್ಟು ಕಲ್ಪನೆಯ ನಡುವೆ ಕಣ್ಣು ಎಷ್ಟು ಚುರುಕಾಗಿದೆ ಎಂದರೆ, ಮೇಲೇರಿದ ರವಿ ಸಣ್ಣಗೆ ಕಾಣುತ್ತಾನೆ ಎಂಬುದನ್ನೂ ಕವಿ ಬಿಟ್ಟಿಲ್ಲ. ಮೂಡುವಾಗ ದೊಡ್ಡದಾಗಿ ಕಂಡ ಸೂರ್ಯ ನೆತ್ತಿಗೆ ಬಂದಾಗ ಚಿಕ್ಕವನಾಗಿ ತೋರುವುದು ನಿಜವಾಗಿ ನಮಗೆಲ್ಲ ಆಗುವ ಅನುಭವ. ಏರಿದವನು ಚಿಕ್ಕವನಿರಬೇಕು ಎಂಬ ನೀತಿ ಅಲ್ಲಿ ಬರುತ್ತದೆ, ಆದರೆ ಸೂರ್ಯನನ್ನು ನೋಡಿದ್ದರಿಂದ ಬರುತ್ತದೆ. ನೀತಿ ಹೇಳಬೇಕೆಂದು ಸೂರ್ಯನನ್ನು ಕರೆತಂದದ್ದಲ್ಲ.

ಇದಕ್ಕೆ ಪಕ್ಕದಲ್ಲಿ ನೀತಿಕಥೆಯ ಪ್ರಾಣಿಗಳನ್ನು ಇಟ್ಟು ನೋಡಬೇಕು. ಪಂಚತಂತ್ರದ ನರಿ, ಸಿಂಹಗಳು ಅಸಲಿಗೆ ಆಸ್ಥಾನದ ಮಂತ್ರಿ, ರಾಜರೇ. ಪುಣ್ಯಕೋಟಿಯ ಹಾಡಿನಲ್ಲಿ ಹಸು ಕೊಟ್ಟ ಮಾತಿಗೆ ಮರಳಿ ಬರುತ್ತದೆ, ಹುಲಿ ನಾಚಿ ಪ್ರಾಣ ಬಿಡುತ್ತದೆ. ಈ ಹಾಡು ಕೇಳಿ ಅಳದ ಕನ್ನಡ ಮಗು ಕಡಿಮೆ. ಅದರ ದೊಡ್ಡತನದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಆದರೆ ಅಲ್ಲಿ ನಡೆಯುವುದು ಸತ್ಯದ ಪರೀಕ್ಷೆ. ಹಸಿದ ಹುಲಿ ನಿಜವಾಗಿ ಹೇಗಿರುತ್ತದೆ ಎಂಬುದು ಆ ಹಾಡಿನ ವಿಷಯವಲ್ಲ. ನೀತಿಕಥೆಗೆ ಅದರದೇ ಜಾಗ ಇದೆ. ತೊಂದರೆ ಶುರುವಾಗುವುದು ಎಲ್ಲ ಮಕ್ಕಳ ಪದ್ಯವನ್ನೂ ನೀತಿಕಥೆಯ ಅಚ್ಚಿಗೆ ಹಾಕಿದಾಗ.

ಪರಿಸರ ದಿನಕ್ಕೆ ಶಾಲೆಗಳಲ್ಲಿ ಹೇಳಿಸುವ ಪದ್ಯಗಳನ್ನು ಕೇಳಿದ್ದೀರಲ್ಲ. ನಾನು ಮರ, ನೆರಳು ಕೊಡುವೆ, ಹಣ್ಣು ಕೊಡುವೆ, ನನ್ನ ಕಡಿಯಬೇಡಿ. ನೀರಿನ ಹನಿಯೂ ಹಾಗೇ ಬೇಡುತ್ತದೆ, ಪ್ಲಾಸ್ಟಿಕ್ ಚೀಲ ತನ್ನ ತಪ್ಪು ಒಪ್ಪಿಕೊಳ್ಳುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಆ ಮರ ಯಾವ ಮರ? ಹಲಸೋ, ಬೇವೋ, ಹೊಂಗೆಯೋ? ಅದರ ತೊಗಟೆ ಹೇಗಿದೆ? ಹಲಸು ಆಗಿದ್ದರೆ ಅಂಟು ಕೈಗೆ ಹತ್ತಿದರೆ ಬಿಡುವುದಿಲ್ಲವಲ್ಲ, ಆ ಮಾತೇ ಇಲ್ಲ. ಮರ ಅಲ್ಲಿ ಧ್ವನಿವರ್ಧಕ ಮಾತ್ರ, ಮಾತಾಡುತ್ತಿರುವುದು ಹೆಡ್‌ಮಾಸ್ಟರು. ಮಕ್ಕಳಿಗೆ ಇದು ತಕ್ಷಣ ತಿಳಿಯುತ್ತದೆ. ಅದಕ್ಕೇ ಆ ಪದ್ಯಗಳು ಸ್ಟೇಜ್ ಇಳಿದ ಮೇಲೆ ಅವರ ನೆನಪಿನಲ್ಲಿ ಉಳಿಯುವುದಿಲ್ಲ. ಇಂಥ ಪದ್ಯಗಳೇ ಜಾಸ್ತಿಯಾಗಿರುವುದು ನನಗೆ ನಿಜವಾಗಿ ಬೇಸರದ ವಿಷಯ. ಮರವನ್ನು ಉಳಿಸಬೇಕೆಂಬ ಪದ್ಯದಲ್ಲೇ ಮರ ಇಲ್ಲವಾದರೆ ಮಗು ಯಾವುದನ್ನು ಪ್ರೀತಿಸಬೇಕು?

ಇನ್ನೊಂದು ಆಕ್ಷೇಪ ಬರುತ್ತದೆ. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ. ಅದಕ್ಕೆ ಹೊರಗಿವಿ ಇಲ್ಲ, ಪುಂಗಿಯ ಮುಂದೆ ಅದು ಹೆಡೆ ಆಡಿಸುವುದು ಆಡಿಸುವವನ ಚಲನೆ ನೋಡಿ. ಹೆಡೆಯಲ್ಲಿ ರತ್ನ ಇಲ್ಲ. ಹಾಗಾದರೆ ಇಂಥ ಪದ್ಯ ಕಲಿಸಿ ಮಕ್ಕಳ ತಲೆಗೆ ಮೂಢನಂಬಿಕೆ ತುಂಬುತ್ತಿಲ್ಲವಾ? ಪ್ರಶ್ನೆ ಸರಿಯಾದದ್ದೇ. ಮಗು ಕೇಳಿದರೆ ಹಾವಿನ ಕಿವಿಯ ವಿಷಯ ಮುಚ್ಚಿಡದೆ ಹೇಳಬೇಕು. ಹೇಳಿದರೆ ಪದ್ಯ ಕೆಡುವುದಿಲ್ಲ. ಗಣಪತಿಯ ಮಣ್ಣು ಮತ್ತು ಗಣಪತಿ ಎರಡನ್ನೂ ಇಟ್ಟುಕೊಳ್ಳುವ ತಲೆ ಇದನ್ನೂ ಇಟ್ಟುಕೊಳ್ಳುತ್ತದೆ. ಆದರೆ ನಾಗರಪಂಚಮಿಗೆ ನಿಜವಾದ ಹಾವಿನ ಬಾಯಿಗೆ ಹಾಲು ಸುರಿಯುವುದು ಕ್ರೌರ್ಯ, ಅದನ್ನು ಪದ್ಯದ ಹೆಸರಿನಲ್ಲಿ ಸಮರ್ಥಿಸಲಾಗದು.

ಕಲ್ಪನೆಯನ್ನು ತಡೆದರೆ ಏನಾಗುತ್ತದೆ ಎಂಬುದಕ್ಕೆ ರಷ್ಯಾದಲ್ಲಿ ಒಂದು ಉದಾಹರಣೆ ಇದೆ. 1920ರ ದಶಕದಲ್ಲಿ ಅಲ್ಲಿನ ಕೆಲವು ಶಿಕ್ಷಣ ತಜ್ಞರು ಮಾತಾಡುವ ಪ್ರಾಣಿಗಳ ಕಥೆ ಮಕ್ಕಳಿಗೆ ಬೇಡ ಎಂದು ಹಟ ಹಿಡಿದರು. ಮಕ್ಕಳ ಕವಿ ಕೊರ್ನೇಯ್ ಚುಕೋವ್‌ಸ್ಕಿ ಬರೆದ ಮೊಸಳೆಯ ಪದ್ಯವನ್ನು 1928ರಲ್ಲಿ ಲೆನಿನ್ನರ ಪತ್ನಿ ಕ್ರುಪ್‌ಸ್ಕಯಾ ಪ್ರಾವ್ದಾ ಪತ್ರಿಕೆಯಲ್ಲಿ ಕಟುವಾಗಿ ಟೀಕಿಸಿದರು. ಚುಕೋವ್‌ಸ್ಕಿ ಮುಂದೆ ಮಕ್ಕಳ ಭಾಷೆಯ ಕುರಿತ ತಮ್ಮ ಪುಸ್ತಕದಲ್ಲಿ ಒಬ್ಬ ತಾಯಿಯ ಕಥೆ ಹೇಳುತ್ತಾರೆ. ಆಕೆ ಮಗನಿಗೆ ಒಂದೂ ಕಟ್ಟುಕಥೆ ಹೇಳದೆ, ಬರೀ ನಿಜ ಸಂಗತಿ ಹೇಳಿ ಬೆಳೆಸಿದಳು. ಹುಡುಗ ತಾನೇ ಶುರುಮಾಡಿದ. ಅವನ ಕೋಣೆಗೆ ಕೆಂಪು ಆನೆಯೊಂದು ಬಂದು ಸೇರಿಕೊಂಡಿತು. ಒಂದು ಕರಡಿ ಗೆಳತಿಯಾಯಿತು. ಈ ಕುರ್ಚಿಯಲ್ಲಿ ಕೂರಬೇಡಿ, ಕರಡಿ ಕೂತಿದೆ ಎಂದು ಮನೆಗೆ ಬಂದವರಿಗೆ ಹೇಳತೊಡಗಿದ.

ಈಗಿನ ಮಕ್ಕಳ ಮನೆಯಲ್ಲಿ ಮಾತಾಡುವ ಸ್ಪೀಕರ್ ಇದೆ. ಕರೆದರೆ ಓಗೊಡುತ್ತದೆ, ಕೇಳಿದ್ದು ಹಾಡುತ್ತದೆ. ವಸ್ತುಗಳಿಗೆ ಜೀವ ಬರುವುದು ಹಿಂದೆಂದಿಗಿಂತ ಸುಲಭವಾಗಿದೆ ಎನ್ನಿಸಬಹುದು. ಆದರೆ ಗುರ್ಚಿ ಉತ್ತರ ಕೊಡುವುದಿಲ್ಲ, ಅದಕ್ಕೇ ಮಕ್ಕಳು ಅದರ ಪರವಾಗಿ ಉತ್ತರ ಕಟ್ಟಬೇಕು. ಸ್ಪೀಕರ್ ಆ ಕೆಲಸವನ್ನು ಮಗುವಿಗೆ ಬಿಡುವುದಿಲ್ಲ.

ಹಾಗಾಗಿ ಮಕ್ಕಳಿಗೆ ಪದ್ಯ ಕಲಿಸುವವರಿಗೆ, ಊರಲ್ಲಿರಲಿ, ನ್ಯೂಜೆರ್ಸಿಯ ಭಾನುವಾರದ ಕನ್ನಡ ತರಗತಿಯಲ್ಲಿರಲಿ, ನನ್ನದೊಂದು ಕೋರಿಕೆ. ಪದ್ಯ ಮುಗಿದ ಮೇಲೆ ಇದರಿಂದ ಏನು ಕಲಿತಿರಿ ಎಂದು ಕೇಳಬೇಡಿ. ಮಳೆರಾಯ ಯಾಕೆ ತಡ ಮಾಡಿದ, ಚಂದಮಾಮ ಹಗಲು ಎಲ್ಲಿ ಮಲಗುತ್ತಾನೆ ಎಂದು ಕೇಳಿ. ಹೊಸ ಪದ್ಯ ಬರೆಯುವವರು ಮಕ್ಕಳು ದಿನಾ ನೋಡುವ ವಸ್ತು ಹಿಡಿಯಬೇಕು. ಲಿಫ್ಟ್ ಇದೆ, ಗುರುಗುಟ್ಟುವ ಫ್ರಿಜ್ ಇದೆ, ಎರಡು ದಿನಕ್ಕೊಮ್ಮೆ ಬರುವ ನಲ್ಲಿ ನೀರಿದೆ. ಅದನ್ನು ಮೊದಲು ಚೆನ್ನಾಗಿ ನೋಡಿ, ಅದರ ಸದ್ದು, ಮೈ, ಚಾಳಿ ತಿಳಿದು, ಆಮೇಲೆ ಮಾತಾಡಿಸಿ. ಕರೆಂಟ್ ಹೋದರೆ ನಾವು 'ಹೋಯ್ತು' ಎನ್ನುತ್ತೇವೆ. ಮರಳಿದಾಗ ಬೀದಿಯ ಮಕ್ಕಳೆಲ್ಲ ಒಟ್ಟಿಗೆ "ಬಂತೂ!" ಎಂದು ಕೂಗುತ್ತಾರೆ. ಅಷ್ಟು ಹೊತ್ತು ಅದು ಎಲ್ಲಿಗೆ ಹೋಗಿತ್ತು, ಯಾರ ಮನೆಯಲ್ಲಿ ಕೂತಿತ್ತು ಎಂದು ಆ ಮಕ್ಕಳನ್ನೇ ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ.